ಹೆಣ್ಣಿನ ನಡಿಗೆಗೆ ಹದವಾದ ಊರು ವಿಯೆನ್ನಾ

1842ರ ಮಾರ್ಚ್ ತಿಂಗಳಲ್ಲಿ ವಿಯೆನ್ನಾದ ಇಡಾ ಫೈಫರ್ ಎಂಬ ಮಹಿಳೆ ಡ್ಯಾನ್ಯೂಬ್ ನದಿಯಲ್ಲಿ ಹಡಗು ಹತ್ತಿದಳು. ವಯಸ್ಸು ನಲವತ್ತನಾಲ್ಕು. ಇಬ್ಬರು ಗಂಡುಮಕ್ಕಳು ಬೆಳೆದು ದೊಡ್ಡವರಾಗಿದ್ದರು, ಗಂಡ ದೂರದ ಊರಿನಲ್ಲಿದ್ದ. ಕಾನ್‌ಸ್ಟಾಂಟಿನೋಪಲ್‌ನಲ್ಲಿರುವ ಗೆಳತಿಯನ್ನು ನೋಡಿ ಬರುತ್ತೇನೆ ಎಂದು ಮನೆಯವರಿಗೆ ಹೇಳಿ ಹೊರಟವಳು ಜೆರುಸಲೇಮ್, ಈಜಿಪ್ಟ್ ಸುತ್ತಿ ಬಂದಳು. ನಿಜವಾದ ಗುರಿ ಹೇಳಿದ್ದರೆ ಯಾರೂ ಬಿಡುತ್ತಿರಲಿಲ್ಲ. ಆಮೇಲೆ ಎರಡು ಸಲ ಜಗತ್ತನ್ನೇ ಸುತ್ತಿದಳು. ಮೊದಲ ಸುತ್ತಿನಲ್ಲಿ ಕಲ್ಕತ್ತಾ, ಬನಾರಸ್, ದೆಹಲಿ, ಬೊಂಬಾಯಿಗಳನ್ನೂ ಕಂಡಳು. ಆಕೆಯ ಪ್ರವಾಸ ಕಥನಗಳು ಹಲವು ಭಾಷೆಗಳಿಗೆ ಹೋದವು. ಬರ್ಲಿನ್ನಿನ ಭೂಗೋಳ ಸಂಘ ಗೌರವ ಸದಸ್ಯತ್ವ ಕೊಟ್ಟಿತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಮಾತ್ರ ಹೆಂಗಸು ಎಂಬ ಕಾರಣಕ್ಕೆ ಬಾಗಿಲು ತೆರೆಯಲಿಲ್ಲ.

ಆ ವಿಯೆನ್ನಾಕ್ಕೆ ಈಗ ಜಗತ್ತಿನ ಮೂಲೆಮೂಲೆಯಿಂದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದಿಳಿಯುತ್ತಾರೆ. ಹೊರಡುವ ಮುಂಚೆ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರಾತ್ರಿ ಹತ್ತೂವರೆಗೆ ಒಪೆರಾ ಮುಗಿದರೆ ರೂಮಿಗೆ ಹೇಗೆ ವಾಪಸಾಗುವುದು? ಒಬ್ಬಳೇ ಹೋಟೆಲಿನಲ್ಲಿ ಕೂತು ಊಟ ಮಾಡಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆಯೇ? ದಾರಿ ತಪ್ಪಿದರೆ ಯಾರನ್ನು ಕೇಳಬೇಕು? ಇಂಥ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎಚ್ಚರಿಕೆಗಳ ಪಟ್ಟಿ: ಕತ್ತಲಾದ ಮೇಲೆ ಓಡಾಡಬೇಡ, ಅಪರಿಚಿತರ ಜೊತೆ ಮಾತಾಡಬೇಡ, ಮೈಮೇಲೆ ಚಿನ್ನ ಬೇಡ. ಎಲ್ಲ ಹೊಣೆಯೂ ಹೋಗುವವಳದೇ. ಊರಿಗೂ ಒಂದು ಹೊಣೆ ಇದೆ ಎಂದು ಯೋಚಿಸಿ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅದಕ್ಕಾಗಿ ಕೆಲಸ ಮಾಡಿದ ರಾಜಧಾನಿ ವಿಯೆನ್ನಾ. ಮೊದಲ ಬಾರಿಗೆ ಒಬ್ಬಳೇ ಯೂರೋಪಿಗೆ ಹೊರಡುವವಳಿಗೆ ಈ ಊರನ್ನು ಧೈರ್ಯವಾಗಿ ಸೂಚಿಸಲು ಅದೇ ಕಾರಣ.

1991ರಲ್ಲಿ ಇವಾ ಕೈಲ್ ಎಂಬ ನಗರ ಯೋಜಕಿ ಮತ್ತು ಆಕೆಯ ಸಂಗಡಿಗರು ವಿಯೆನ್ನಾದಲ್ಲಿ ಒಂದು ಛಾಯಾಚಿತ್ರ ಪ್ರದರ್ಶನ ಏರ್ಪಡಿಸಿದರು. ಸಾರ್ವಜನಿಕ ಜಾಗ ಯಾರದ್ದು ಎಂಬುದೇ ಅದರ ಪ್ರಶ್ನೆ. ಬೇರೆ ಬೇರೆ ಹಿನ್ನೆಲೆಯ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಊರಿನಲ್ಲಿ ಹೇಗೆ ಓಡಾಡುತ್ತಾರೆ, ಎಲ್ಲಿ ತಡೆದು ನಿಲ್ಲುತ್ತಾರೆ, ಎಲ್ಲಿ ಹೆದರುತ್ತಾರೆ ಎಂಬುದನ್ನು ಆ ಚಿತ್ರಗಳು ತೋರಿಸಿದವು. ಮರುವರ್ಷವೇ ನಗರಾಡಳಿತದಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕ ಕಚೇರಿ ತೆರೆಯಿತು. ಓಡಾಟದ ಸಮೀಕ್ಷೆ ನಡೆದಾಗ ಕಂಡದ್ದು ಸ್ಪಷ್ಟವಾಗಿತ್ತು. ಗಂಡಸರು ಹೆಚ್ಚಾಗಿ ಬೆಳಿಗ್ಗೆ ಕೆಲಸಕ್ಕೆ, ಸಂಜೆ ಮನೆಗೆ. ಹೆಂಗಸರ ದಾರಿ ಶಾಲೆ, ಅಂಗಡಿ, ಡಾಕ್ಟರು, ವಯಸ್ಸಾದ ತಾಯಿಯ ಮನೆ ಎಂದು ಹತ್ತು ಕಡೆ ತಿರುಗುತ್ತಿತ್ತು; ಅದರಲ್ಲೂ ಹೆಚ್ಚಿನದು ಕಾಲ್ನಡಿಗೆಯಲ್ಲಿ. ಕಾರಿಗೆಂದು ಯೋಜಿಸಿದ ರಸ್ತೆಯಲ್ಲಿ ನಡೆಯುವವಳ ಲೆಕ್ಕವೇ ಇರಲಿಲ್ಲ.

ಆಮೇಲೆ ಆದ ಬದಲಾವಣೆಗಳು ನೋಡಲು ಬಲು ಸಣ್ಣವು. ಫುಟ್‌ಪಾತ್ ಅಗಲವಾಯಿತು. ಮೆಟ್ಟಿಲ ಪಕ್ಕದಲ್ಲಿ ಮಕ್ಕಳ ತಳ್ಳುಗಾಡಿಗೆ ಇಳಿಜಾರು ಬಂತು. ಬೀದಿದೀಪಗಳು ಹೆಚ್ಚಿದವು, ಕಾರುಗಳ ದಾರಿಗಷ್ಟೇ ಬೀಳುತ್ತಿದ್ದ ಬೆಳಕು ನಡೆಯುವವರ ದಾರಿಗೂ ಬಿತ್ತು. ಪಾರ್ಕುಗಳ ಕತೆ ಇನ್ನೂ ಸ್ವಾರಸ್ಯದ್ದು. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದೇ ನಿಂತುಹೋಗುತ್ತಿದೆ ಎಂದು ಅಧ್ಯಯನವೊಂದು ಹೇಳಿತ್ತು. ಇರುವುದು ಒಂದೇ ದೊಡ್ಡ ಆಟದ ಅಂಗಳ, ಅದನ್ನು ಹುಡುಗರು ಹಿಡಿದರೆ ಹುಡುಗಿಯರು ಜಗಳಕ್ಕೆ ನಿಲ್ಲದೆ ಮನೆಗೆ ಹೋಗುತ್ತಿದ್ದರು. 1999ರ ಸುಮಾರಿಗೆ ಮಾರ್ಗರೇಟನ್ ಎಂಬ ಬಡಾವಣೆಯ ಐನ್‌ಸೀಡ್ಲರ್ ಪಾರ್ಕನ್ನು ಬದಲಿಸಿದರು. ದೊಡ್ಡ ಅಂಗಳವನ್ನು ಸಣ್ಣ ಸಣ್ಣ ಜಾಗಗಳಾಗಿ ಒಡೆದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಎಡೆ ಮಾಡಿದರು, ಒಳಗೆ ಬರುವ ಹೋಗುವ ದಾರಿಗಳನ್ನು ಹೆಚ್ಚಿಸಿದರು. ಹುಡುಗಿಯರು ಮರಳಿ ಬಂದರು.

ಊರಿನ ಉತ್ತರಕ್ಕೆ, ಫ್ಲೋರಿಡ್ಸ್‌ಡಾರ್ಫ್‌ನಲ್ಲಿ 1990ರ ದಶಕದಲ್ಲಿ ಕಟ್ಟಿದ ಒಂದು ವಸತಿ ಸಮುಚ್ಚಯವಿದೆ. ವಿನ್ಯಾಸ ಮಾಡಿದವರೆಲ್ಲ ಮಹಿಳಾ ವಾಸ್ತುಶಿಲ್ಪಿಗಳು. ಮೆಟ್ಟಿಲ ಕಟ್ಟೆಗೆ ಹಗಲ ಬೆಳಕು, ಅಡುಗೆಮನೆಯ ಕಿಟಕಿಯಿಂದ ಮಕ್ಕಳು ಆಡುವ ಅಂಗಳದ ನೋಟ, ತಳ್ಳುಗಾಡಿ ಇಡಲು ಮಹಡಿಯಲ್ಲೇ ಜಾಗ. ಮನೆಯಲ್ಲಿ ದುಡಿಯುವವರನ್ನು ಕೇಳಿ ಕಟ್ಟಿದ್ದು ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಮೆಟ್ರೋದ ಯು2 ಮಾರ್ಗದ ಕೊನೆಯಲ್ಲಿರುವ ಝೇಸ್ಟಾಟ್ ಎಂಬ ಹೊಸ ಬಡಾವಣೆಯಲ್ಲಂತೂ ಬಹುಪಾಲು ಬೀದಿಗಳಿಗೆ ಹೆಣ್ಣಿನ ಹೆಸರು. ತತ್ವಚಿಂತಕಿ ಹಾನಾ ಆರೆಂಟ್ ಹೆಸರಿನ ಉದ್ಯಾನ, ಗಾಯಕಿ ಜಾನಿಸ್ ಜಾಪ್ಲಿನ್ ಹೆಸರಿನ ವಿಹಾರಪಥ ಅಲ್ಲಿವೆ. ಅರಮನೆಗಳನ್ನು ನೋಡಿ ದಣಿದ ಮೇಲೆ ಅರ್ಧ ದಿನ ಇಲ್ಲಿಗೆ ಎತ್ತಿಡುವುದು ಖಂಡಿತ ದಂಡವಲ್ಲ.

ಇದೆಲ್ಲ ಪ್ರವಾಸಿಗಾಗಿ ಮಾಡಿದ್ದಲ್ಲ, ಊರಿನವರಿಗಾಗಿ ಮಾಡಿದ್ದು. ಆದರೆ ಫಲ ಇಬ್ಬರಿಗೂ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಟ್ರಾಮ್ ಹತ್ತಿದರೆ ಒಳಗೆ ನರ್ಸುಗಳು, ವಿದ್ಯಾರ್ಥಿನಿಯರು, ಊರುಗೋಲು ಹಿಡಿದ ಅಜ್ಜಿಯರು ಒಬ್ಬೊಬ್ಬರೇ ಕೂತಿರುತ್ತಾರೆ. ಒಬ್ಬಳೇ ಇರುವ ಹೆಣ್ಣು ಅಲ್ಲಿ ಎದ್ದು ಕಾಣುವುದಿಲ್ಲ. ಒಂಟಿ ಪ್ರವಾಸಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಓಡಾಟದ ವ್ಯವಸ್ಥೆಯನ್ನು ಮೊದಲ ದಿನವೇ ಅರ್ಥ ಮಾಡಿಕೊಂಡರೆ ಅರ್ಧ ಅಳುಕು ಹೋಗುತ್ತದೆ. ವಿಮಾನ ನಿಲ್ದಾಣದಿಂದ ಊರೊಳಗಿನ ವೀನ್ ಮಿಟ್ಟೆ ನಿಲ್ದಾಣಕ್ಕೆ ಬರಲು ಸಿಟಿ ಏರ್‌ಪೋರ್ಟ್ ಟ್ರೈನ್ ಹದಿನಾರು ನಿಮಿಷ ತೆಗೆದುಕೊಳ್ಳುತ್ತದೆ. ಎಸ್7 ಎಂಬ ಸಾಮಾನ್ಯ ಲೋಕಲ್ ರೈಲು ಅದೇ ನಿಲ್ದಾಣಕ್ಕೆ ಅರ್ಧ ಗಂಟೆಯೊಳಗೆ, ಬಹಳ ಕಡಿಮೆ ದುಡ್ಡಿಗೆ ತಲುಪಿಸುತ್ತದೆ. ಮೆಟ್ರೋವನ್ನು ಅಲ್ಲಿ ಯು-ಬಾನ್ ಎನ್ನುತ್ತಾರೆ. 2010ರಿಂದ ಶುಕ್ರವಾರ, ಶನಿವಾರ ಹಾಗೂ ಹಬ್ಬದ ಹಿಂದಿನ ದಿನ ಅದು ರಾತ್ರಿಯಿಡೀ ಓಡುತ್ತದೆ. ಉಳಿದ ದಿನ ನಡುರಾತ್ರಿ ದಾಟಿದ ಮೇಲೆ ಎನ್ ಅಕ್ಷರದ ರಾತ್ರಿ ಬಸ್ಸುಗಳಿವೆ. ನಮ್ಮ ಮೆಟ್ರೋದಂತೆ ಗೇಟುಗಳಿಲ್ಲ, ಯಾರೂ ತಡೆಯುವುದಿಲ್ಲ. ಹಾಗೆಂದು ಟಿಕೆಟ್ ಕೊಂಡು ಜೇಬಿನಲ್ಲಿಟ್ಟುಕೊಂಡರೆ ಸಾಲದು. ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ಇರುವ ಪುಟ್ಟ ಯಂತ್ರದಲ್ಲಿ ಕಾಗದದ ಟಿಕೆಟ್ಟಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ತಪಾಸಕರು ನೂರು ಯೂರೋಗೂ ಮೀರಿದ ದಂಡ ಹಾಕುತ್ತಾರೆ, ಪರವೂರಿನವಳು ಎಂದು ಬಿಡುವುದಿಲ್ಲ.

ಉಳಿಯುವ ಜಾಗ ಹುಡುಕುವಾಗ ಒಂದು ಉಪಾಯ ಗೊತ್ತಿದ್ದರೆ ಸಾಕು. ವಿಯೆನ್ನಾದ ಪಿನ್‌ಕೋಡಿನ ನಡುವಿನ ಎರಡು ಅಂಕಿ ಬಡಾವಣೆಯ ಸಂಖ್ಯೆ ಹೇಳುತ್ತದೆ. 1070 ಎಂದರೆ ಏಳನೆಯ ಬಡಾವಣೆ ನೊಯ್‌ಬಾವ್, 1080 ಎಂದರೆ ಎಂಟನೆಯದು, ಯೋಸೆಫ್‌ಸ್ಟಾಟ್. ನಾಲ್ಕರಿಂದ ಒಂಬತ್ತರವರೆಗಿನ ಬಡಾವಣೆಗಳು ಹಳೆಯ ಊರಿಗೆ ಹತ್ತಿರ, ಜನವಸತಿ ಇರುವಂಥವು, ದರವೂ ನಡು ಊರಿನಷ್ಟಿಲ್ಲ. ಹಲವು ಹಾಸ್ಟೆಲ್‌ಗಳಲ್ಲಿ ಹೆಣ್ಣುಮಕ್ಕಳಿಗೇ ಮೀಸಲಾದ ಡಾರ್ಮಿಟರಿಗಳಿವೆ.

ತೊಂದರೆಯೇ ಇಲ್ಲದ ಊರು ಯಾವುದೂ ಇಲ್ಲ. ಪ್ರಾಟರ್‌ಸ್ಟರ್ನ್ ರೈಲು ನಿಲ್ದಾಣದ ಸುತ್ತ ಕುಡುಕರ ಕಾಟ ಹೆಚ್ಚಿ, 2018ರಲ್ಲಿ ಅಲ್ಲಿ ಮದ್ಯಪಾನವನ್ನೇ ನಿಷೇಧಿಸಬೇಕಾಯಿತು. ಫಾವೊರಿಟನ್ ಬಡಾವಣೆಯ ರಾಯ್‌ಮಾನ್‌ಪ್ಲಾಟ್ಜ್ ಸುತ್ತಮುತ್ತ ಚಾಕು ಇರಿತದ ಪ್ರಕರಣಗಳ ನಂತರ 2024ರಲ್ಲಿ ಆಯುಧ ಇಟ್ಟುಕೊಳ್ಳುವುದನ್ನು ನಿಷೇಧಿಸಿದರು. ಯು6 ಮಾರ್ಗದ ಕೆಲವು ನಿಲ್ದಾಣಗಳು ತಡರಾತ್ರಿ ಹಿತವೆನಿಸುವುದಿಲ್ಲ. ಪ್ರವಾಸಿಯನ್ನು ಕಾಡುವುದು ಮಾತ್ರ ಹೆಚ್ಚಾಗಿ ಜೇಬುಗಳ್ಳರು: ನಾಶ್‌ಮಾರ್ಕ್ಟ್ ಸಂತೆಯ ನೂಕುನುಗ್ಗಲಲ್ಲಿ, ಸ್ಟೆಫಾನ್ಸ್‌ಪ್ಲಾಟ್ಜ್ ನಿಲ್ದಾಣದ ಎಸ್ಕಲೇಟರಿನಲ್ಲಿ ಬ್ಯಾಗು ಎದೆಯ ಮುಂದಿರಲಿ. ಮಫ್ತಿ ಪೊಲೀಸ್ ಎಂದು ಹೇಳಿಕೊಂಡು ಪರ್ಸ್ ತೋರಿಸು ಎನ್ನುವ ಮೋಸಗಾರರೂ ಇದ್ದಾರೆ. ಪರ್ಸ್ ಕೊಡದೆ ಅಲ್ಲೇ 133ಕ್ಕೆ ಫೋನ್ ಮಾಡಬೇಕು, ಅದು ನಿಜವಾದ ಪೊಲೀಸರ ಸಂಖ್ಯೆ. ಯೂರೋಪಿನೆಲ್ಲೆಡೆ ನಡೆಯುವ 112 ಕೂಡ ಆಗುತ್ತದೆ. ಮಹಿಳೆಯರಿಗಾಗಿ ಇರುವ ಉಚಿತ ಸಹಾಯವಾಣಿ 0800 222 555, ಹಗಲು ರಾತ್ರಿ ತೆರೆದಿರುತ್ತದೆ. ಭಾರತದ ರಾಯಭಾರ ಕಚೇರಿ ಕೆರ್ಟ್‌ನರ್ ರಿಂಗ್ ರಸ್ತೆಯಲ್ಲಿದೆ, ಸ್ಟೇಟ್ ಒಪೆರಾ ಪಕ್ಕದಲ್ಲೇ. ಪಾಸ್‌ಪೋರ್ಟ್ ಕಳೆದರೆ ಹುಡುಕುತ್ತಾ ಅಲೆಯಬೇಕಿಲ್ಲ.

ಈಗ ಸುಖದ ಮಾತು. ಒಬ್ಬಳೇ ಕೂತು ಕಾಲ ಕಳೆಯುವುದಕ್ಕೆ ವಿಯೆನ್ನಾದ ಕಾಫಿಹೌಸ್‌ನಂಥ ಜಾಗ ಇನ್ನೆಲ್ಲೂ ಸಿಗದು. 1880ರಲ್ಲಿ ಶುರುವಾದ ಕಾಫೆ ಸ್ಪೆರ್ಲ್, 1939ರ ಹಾವೆಲ್ಕಾ ಇಂದಿಗೂ ನಡೆಯುತ್ತಿವೆ. ಒಂದು ಮೆಲಾಂಜ್ ಕೇಳಿದರೆ ಹಾಲಿನ ನೊರೆಯ ಕಾಫಿಯ ಜೊತೆ ಬೆಳ್ಳಿಬಣ್ಣದ ತಟ್ಟೆಯಲ್ಲಿ ಒಂದು ಲೋಟ ನೀರು ಬರುತ್ತದೆ. ಅದಿಷ್ಟನ್ನು ಇಟ್ಟುಕೊಂಡು ಎರಡು ಗಂಟೆ ಪುಸ್ತಕ ಓದಿದರೂ ಮಾಣಿ ಬಿಲ್ಲು ತಂದು ಎಬ್ಬಿಸುವುದಿಲ್ಲ. ಏಳುವಾಗ ಬಿಲ್ಲನ್ನು ಕೂತವಳೇ ಕೇಳಬೇಕು. ಈ ಸಂಸ್ಕೃತಿಗೆ 2011ರಲ್ಲಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಇಂಥ ಕಾಫಿಹೌಸಿನಲ್ಲಿ ಹೆಣ್ಣಿಗೆ ಸಿಗುತ್ತಿದ್ದ ಜಾಗ ಗಲ್ಲಾಪೆಟ್ಟಿಗೆಯ ಹಿಂದೆ ಮಾತ್ರ ಎಂಬುದನ್ನೂ ಮರೆಯಬಾರದು.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಫ್ರಿಟಾಟನ್ ಎಂಬ ಸೂಪಿನಲ್ಲಿ ತೇಲುವುದು ದೋಸೆಯಂಥದ್ದರ ಎಳೆಗಳು, ಕೆಳಗಿನ ಸಾರು ದನದ ಮಾಂಸದ್ದು. ಆಲೂಗಡ್ಡೆ ಸಲಾಡಿಗೂ ಅನೇಕ ಕಡೆ ಅದೇ ಸಾರು ಹಾಕುತ್ತಾರೆ. ಬಾಯಿ ಬಿಟ್ಟು ಕೇಳುವುದೇ ಸರಿ. ಚೀಸಿನ ಸ್ಪೆಟ್ಸ್‌ಲೆ, ಸೇಬಿನ ಸ್ಟ್ರೂಡಲ್, ಸಕ್ಕರೆಪುಡಿ ಉದುರಿಸಿದ ಕೈಸರ್‌ಶ್ಮಾರನ್ ಹೊಟ್ಟೆ ತುಂಬಿಸುತ್ತವೆ, ಆದರೆ ಮೊಟ್ಟೆ ತಿನ್ನದವರು ಅಲ್ಲೂ ವಿಚಾರಿಸಬೇಕು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳಲ್ಲಿ ಮಾತ್ರ ದಿನಸಿ ಸಿಗುತ್ತದೆ. ನೀರಿನ ಬಾಟಲಿಗೆ ದುಡ್ಡು ಸುರಿಯುವುದು ಬೇಡ. 1873ರಿಂದ ಆಲ್ಪ್ಸ್ ಬೆಟ್ಟದ ಚಿಲುಮೆಗಳ ನೀರೇ ಊರಿನ ನಲ್ಲಿಗೆ ಬರುತ್ತಿದೆ, ಬೀದಿಯ ಕುಡಿಯುವ ನೀರಿನ ಕಾರಂಜಿಯಲ್ಲೂ ಅದೇ.

ಸಂಜೆಗೆ ಸ್ಟೇಟ್ ಒಪೆರಾ. 1869ರಲ್ಲಿ ಮೊಜಾರ್ಟ್‌ನ ಡಾನ್ ಜಿಯೊವಾನಿಯೊಂದಿಗೆ ತೆರೆದ ಈ ರಂಗಮಂದಿರದಲ್ಲಿ ನೂರಾರು ನಿಲ್ಲುವ ಜಾಗಗಳಿವೆ. ಕೂರುವ ಟಿಕೆಟಿಗೆ ನೂರಾರು ಯೂರೋ ತೆರಬೇಕಾದ ದಿನವೂ ನಿಲ್ಲುವ ಟಿಕೆಟ್ ಅಗ್ಗ. ಸಿಕ್ಕ ಜಾಗದ ಕಂಬಿಗೆ ಸ್ಕಾರ್ಫ್ ಕಟ್ಟಿ ಹೊರಗೆ ಹೋಗಿ ಬರಬಹುದು, ಯಾರೂ ಅದನ್ನು ಮುಟ್ಟುವುದಿಲ್ಲ. ಹೊರಗೆ ಮೊಜಾರ್ಟ್ ವೇಷ ಹಾಕಿ ಮಾರುವ ಟಿಕೆಟ್ ಬೇರೆ ಕಡೆ ಪ್ರವಾಸಿಗರಿಗಾಗಿ ನಡೆಯುವ ಸಂಗೀತ ಕಛೇರಿಗಳದ್ದು, ಒಪೆರಾದ್ದಲ್ಲ. ಇಲ್ಲಿನ ವಾದ್ಯವೃಂದದ ಕಲಾವಿದರೇ ಸೇರಿ ನಡೆಸುವ ವಿಯೆನ್ನಾ ಫಿಲ್‌ಹಾರ್ಮೋನಿಕ್, ಮಹಿಳೆಯೊಬ್ಬಳನ್ನು ಮೊದಲ ಬಾರಿಗೆ ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡದ್ದು 1997ರಲ್ಲಿ. ಆ ಮಹಿಳೆ, ಹಾರ್ಪ್ ವಾದಕಿ ಆನಾ ಲೆಲ್ಕೆಸ್, ಅದಕ್ಕೆ ಮುಂಚೆ ಎರಡು ದಶಕಕ್ಕೂ ಹೆಚ್ಚು ಕಾಲ ಸದಸ್ಯತ್ವವಿಲ್ಲದೆ ಅದೇ ವೃಂದದಲ್ಲಿ ನುಡಿಸಿದ್ದಳು. ಉದ್ಯಾನ, ಬೀದಿದೀಪಗಳ ವಿಷಯದಲ್ಲಿ ಮುಂದಿದ್ದ ಊರು ಸಂಗೀತದಲ್ಲಿ ಇಷ್ಟು ಹಿಂದೆ ಉಳಿದಿತ್ತು ಎಂಬುದು ಮನಸ್ಸಿಗೆ ನೋವು ತರುವ ಸಂಗತಿ.

ಆಸ್ಟ್ರಿಯಾದ ಎರಡು ಯೂರೋ ನಾಣ್ಯ ಕೈಗೆ ಬಂದಾಗ ಅದರ ಮೇಲಿನ ಮುಖವನ್ನೊಮ್ಮೆ ನೋಡಬೇಕು. ಬರ್ಟಾ ಫಾನ್ ಸುಟ್ನರ್, 1905ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಮಹಿಳೆ.

ಹೊರಡುವ ಮನಸ್ಸಾದವರು ಷೆಂಗನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನದವರೆಗೆ ಕಾಯಬಾರದು. ಶುಲ್ಕ 90 ಯೂರೋ, ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಜುಲೈ, ಆಗಸ್ಟ್‌ನಲ್ಲಿ ಒಪೆರಾಕ್ಕೆ ರಜೆ, ಬಿಸಿಲೂ ಜೋರು. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜೊತೆಗೆ ಬರುವವರು ಸಿಗಲಿ ಎಂದು ವರ್ಷಗಟ್ಟಲೆ ಯೂರೋಪ್ ಪ್ರವಾಸ ಮುಂದೂಡುತ್ತಿರುವ ಹೆಣ್ಣುಮಕ್ಕಳು ಇನ್ನು ಕಾಯದೆ ಈ ಊರಿನಿಂದ ಶುರು ಮಾಡಲಿ.