ಉಸಿರು ಕಟ್ಟಿದ ವ್ಯಾಕ್ಯೂಮ್ ಕ್ಲೀನರ್

ಹಬ್ಬಕ್ಕೆಂದು ಮನೆಯ ಧೂಳು ಹೊಡೆಯುತ್ತಿರುತ್ತೇವೆ. ಸೋಫಾ ಇನ್ನೂ ಅರ್ಧ ಬಾಕಿ, ಅಷ್ಟರಲ್ಲಿ ವ್ಯಾಕ್ಯೂಮ್ ಕ್ಲೀನರ್ ತಟ್ಟನೆ ನಿಂತುಬಿಡುತ್ತದೆ. ಮುಟ್ಟಿದರೆ ಕಾದ ಕಾವಲಿ. ಈ ಹೊತ್ತಿನಲ್ಲಿ ನಾವು ನಂಬಿಕೊಂಡಿರುವ ಕೆಲವು ಮಾತುಗಳನ್ನು ತಿದ್ದಿಕೊಂಡರೆ ಯಂತ್ರವೂ ಉಳಿಯುತ್ತದೆ, ರಿಪೇರಿಯ ದುಡ್ಡೂ ಉಳಿಯುತ್ತದೆ.

ತಪ್ಪು ಕಲ್ಪನೆ: ಮೋಟಾರ್ ಸುಟ್ಟುಹೋಯಿತು.
ಸತ್ಯ: ತಣ್ಣಗಾದ ಮೇಲೆ ಮತ್ತೆ ಓಡಿದರೆ ಮೋಟಾರ್ ಸುಟ್ಟಿಲ್ಲ. ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಥರ್ಮಲ್ ಕಟಾಫ್ ತನ್ನ ಕೆಲಸ ಮಾಡಿದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಂದು ಗಂಟೆ ಬಿಡಿ.

ತಪ್ಪು ಕಲ್ಪನೆ: ತುಂಬಾ ಹೊತ್ತು ಓಡಿಸಿದ್ದಕ್ಕೇ ಬಿಸಿಯಾಯಿತು.
ಸತ್ಯ: ಒಣಕಸ ಎಳೆಯುವ ಸಾಮಾನ್ಯ ಯಂತ್ರಗಳಲ್ಲಿ, ಎಳೆದ ಗಾಳಿಯೇ ಮೋಟಾರಿನ ಮೂಲಕ ಹಾದು ಅದನ್ನು ತಂಪಾಗಿಡುತ್ತದೆ. ಗಾಳಿಯ ದಾರಿ ಕಟ್ಟಿದರೆ ಸ್ವಲ್ಪ ಹೊತ್ತಿಗೇ ಕಾಯುತ್ತದೆ.

ತಪ್ಪು ಕಲ್ಪನೆ: ಸದ್ದು ಜೋರಾದರೆ ಚೆನ್ನಾಗಿ ಎಳೆಯುತ್ತಿದೆ.
ಸತ್ಯ: ಪೈಪಿನ ಬಾಯನ್ನು ಅಂಗೈಯಿಂದ ಒಂದು ಕ್ಷಣ ಮುಚ್ಚಿ ನೋಡಿ, ಸದ್ದು ಕೀರಲಾಗಿ ಏರುತ್ತದೆ. ಫ್ಯಾನಿಗೆ ತಳ್ಳಲು ಗಾಳಿಯಿಲ್ಲದೆ ಭಾರ ಇಳಿದು, ಮೋಟಾರ್ ಇನ್ನೂ ವೇಗವಾಗಿ ತಿರುಗುತ್ತದೆ. ಕೈ ಅಡ್ಡ ಇಡದೆಯೂ ಅದೇ ಸದ್ದು ಬಂದರೆ ಒಳಗೆಲ್ಲೋ ಕಟ್ಟಿದೆ. ಪೈಪ್ ಕಳಚಿ ಯಂತ್ರವನ್ನಷ್ಟೇ ಓಡಿಸಿ. ಎಳೆತ ಜೋರಾಗಿದ್ದರೆ ದೋಷ ಪೈಪಿನದು. ನಮ್ಮ ಮನೆಯ ಪೈಪಿಗೆ ಕೋಲು ತೂರಿಸಿದಾಗ ಹೊರಬಿದ್ದದ್ದು ಕೂದಲು ಸುತ್ತಿಕೊಂಡ ಮಗುವಿನ ಕಾಲುಚೀಲ.

ತಪ್ಪು ಕಲ್ಪನೆ: ಬ್ಯಾಗ್ ತುಂಬಿಲ್ಲ, ಆದ್ದರಿಂದ ತೊಂದರೆ ಅದರದ್ದಲ್ಲ.
ಸತ್ಯ: ರಂಗೋಲಿ ಪುಡಿ, ಸಿಮೆಂಟ್ ಧೂಳಿನಂಥ ನಯವಾದ ಪುಡಿ ಬ್ಯಾಗಿನ ಸಣ್ಣ ರಂಧ್ರಗಳನ್ನೇ ಮುಚ್ಚುತ್ತದೆ. ಬ್ಯಾಗ್ ಕಾಲುಭಾಗ ತುಂಬಿದ್ದರೂ ಗಾಳಿ ಹಾಯುವುದಿಲ್ಲ.

ತಪ್ಪು ಕಲ್ಪನೆ: ಫಿಲ್ಟರ್ ತೊಳೆದು ಕೂಡಲೇ ಹಾಕಬಹುದು.
ಸತ್ಯ: ಒದ್ದೆ ಫಿಲ್ಟರಿಗೆ ಧೂಳು ಕೆಸರಿನಂತೆ ಮೆತ್ತಿಕೊಳ್ಳುತ್ತದೆ. ತೊಳೆಯಬಹುದಾದ ಫಿಲ್ಟರನ್ನಷ್ಟೇ ತೊಳೆದು, ನೆರಳಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಒಣಗುವವರೆಗೆ ಫಿಲ್ಟರ್ ಇಲ್ಲದೆ ಓಡಿಸಿದರೆ ಧೂಳು ನೇರ ಮೋಟಾರಿಗೆ ನುಗ್ಗುತ್ತದೆ.

ತಪ್ಪು ಕಲ್ಪನೆ: ಕಟಾಫ್ ತೆಗೆಸಿ ವೈರ್ ನೇರ ಜೋಡಿಸಿದರೆ ಕಾಟ ತಪ್ಪುತ್ತದೆ.
ಸತ್ಯ: ಆಗ ಮೋಟಾರ್ ನಿಜಕ್ಕೂ ಸುಡುತ್ತದೆ, ಬೆಂಕಿಯೂ ಹೊತ್ತಬಹುದು. ದಯವಿಟ್ಟು ಇದಕ್ಕೆ ಯಾರೂ ಒಪ್ಪಬೇಡಿ. ಪೈಪ್, ಬ್ಯಾಗ್, ಫಿಲ್ಟರ್ ಮೂರೂ ಶುಚಿಯಿದ್ದೂ ಮತ್ತೆ ಮತ್ತೆ ನಿಲ್ಲುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಕಿಡಿ ಕಂಡರೆ, ಕಾರ್ಬನ್ ಬ್ರಷ್ ಸವೆದಿರಬಹುದು, ಬೇರಿಂಗ್ ಹಿಡಿದಿರಬಹುದು. ಅಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ.