ಮೊಣಕಾಲಿನ ಊತ: ಎಣ್ಣೆ ತಿಕ್ಕುವ ಮುನ್ನ

ಹದಿಹರೆಯದ ಮಗನೋ ಮಗಳೋ ಮೊಣಕಾಲು ನೋವೆಂದರೆ ‘ಆಟದಲ್ಲಿ ಪೆಟ್ಟಾಗಿರಬೇಕು’ ಎಂದು ಎಣ್ಣೆ ತಿಕ್ಕುತ್ತೀರಿ, ಕಟ್ಟು ಹಾಕಿಸುತ್ತೀರಿ. ಬಹುಪಾಲು ಅದು ಪೆಟ್ಟೇ, ಗಾಬರಿ ಬೇಡ. ಆದರೆ ರಾತ್ರಿ ನಿದ್ದೆಗೆಡಿಸುವ ನೋವು, ದಿನೇ ದಿನೇ ಹೆಚ್ಚುವ ಊತ 2-3 ವಾರದಲ್ಲಿ ಇಳಿಯದಿದ್ದರೆ ತಿಕ್ಕುವುದನ್ನು ನಿಲ್ಲಿಸಿ. ಗುಬ್ಬಿ, ಕುಣಿಗಲ್ ಕಡೆಯವರಾದರೆ ತುಮಕೂರಿನ ಜಿಲ್ಲಾಸ್ಪತ್ರೆಗೆ ಬಂದು ಎಕ್ಸ್‌-ರೇ ತೆಗೆಸಿ. ಮೂಳೆಯಲ್ಲೇ ಹುಟ್ಟುವ ‘ಆಸ್ಟಿಯೊಸಾರ್ಕೋಮಾ’ ಎಂಬ ಕ್ಯಾನ್ಸರ್ ಅಪರೂಪದ್ದು. ಬಂದರೆ ಮಾತ್ರ ಈ ವಯಸ್ಸಿನಲ್ಲಿ, ಮೊಣಕಾಲಿನ ಸುತ್ತಲೇ ಹೆಚ್ಚು.

ಅನುಮಾನವಿದ್ದರೆ ಫಿಲಂ ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ. ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಮಾಡಬೇಕು; ಎಲ್ಲೋ ಅಡ್ಡಾದಿಡ್ಡಿ ಕೊಯ್ಸಿಕೊಂಡರೆ ಕಾಲು ಉಳಿಸುವುದು ಕಷ್ಟ. 1970ಕ್ಕೆ ಮೊದಲು ಕಾಲು ಕತ್ತರಿಸಿದರೂ ಹೆಚ್ಚಿನವರು ಬದುಕುತ್ತಿರಲಿಲ್ಲ. ಈಗ ಕೀಮೋಥೆರಪಿ, ನಡುವೆ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋ. ರೋಗ ಹರಡುವ ಮುನ್ನ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಹಲವರಿಗೆ ಕಾಲೂ ಉಳಿಯುತ್ತದೆ.