ಹೊಸ ಸಂಸಾರಕ್ಕೆ ಯಾವ ನಗರ?

ಮದುವೆಯ ಗಡಿಬಿಡಿ ಮುಗಿದು, ಬಂಧುಗಳ ಮನೆಯ ಔತಣಗಳೂ ಮುಗಿದ ಮೇಲೆ ನವದಂಪತಿಗಳ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಇನ್ನು ಸಂಸಾರ ಹೂಡುವುದು ಎಲ್ಲಿ? ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಪತಿ ಗಲ್ಫ್‌ಗೆ ಹೊರಟರೆ ಪತ್ನಿ ಅತ್ತೆಯ ಮನೆಯಲ್ಲಿ ಉಳಿಯುತ್ತಿದ್ದಳು. ಪತಿ ಊರಿನಲ್ಲೇ ವ್ಯಾಪಾರ ಮಾಡುತ್ತಿದ್ದರೆ ಆ ಊರೇ ಅವಳ ಊರಾಗುತ್ತಿತ್ತು. ಈಗ ನಮ್ಮ ಹೆಣ್ಣು ಮಕ್ಕಳು ಬಿ.ಎಡ್., ಎಂ.ಕಾಂ., ನರ್ಸಿಂಗ್ ಓದಿದ್ದಾರೆ. ಹುಡುಗರಿಗೂ ಒಂದಕ್ಕಿಂತ ಹೆಚ್ಚು ನಗರಗಳಲ್ಲಿ ಕೆಲಸದ ಅವಕಾಶಗಳಿವೆ. ಆಯ್ಕೆ ಇದೆ ಎಂದ ಮೇಲೆ ಯೋಚಿಸಿ ಆರಿಸುವ ಹೊಣೆಯೂ ಇದೆ.

ಆದರೆ ಎಷ್ಟೋ ಮನೆಗಳಲ್ಲಿ ಈ ನಿರ್ಧಾರ ಹೇಗಾಗುತ್ತದೆ? ಎಲ್ಲಿ ಸಂಬಳ ಹೆಚ್ಚೋ ಅಲ್ಲಿಗೆ ಹೋಗೋಣ ಎಂದು ಪತಿ ಹೇಳುತ್ತಾನೆ. ಪತ್ನಿ ತಲೆಯಾಡಿಸುತ್ತಾಳೆ. ಆರು ತಿಂಗಳ ನಂತರ, ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರ ತನಕ ಒಬ್ಬಳೇ ಕುಳಿತಾಗ ಅವಳಿಗೆ ಅರಿವಾಗುತ್ತದೆ: ಈ ನಗರದಲ್ಲಿ ಬದುಕುತ್ತಿರುವವನು ಪತಿ ಮಾತ್ರ. ಅವನ ಉದ್ದೇಶದಲ್ಲಿ ಕೆಡುಕೇನೂ ಇರಲಿಲ್ಲ. ಲೆಕ್ಕ ಹಾಕುವಾಗ ಅವಳ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಸಹೋದರಿಯರೇ, ಆ ಲೆಕ್ಕವನ್ನು ಹೊರಡುವ ಮೊದಲೇ ಹಾಕುವುದು ಹೇಗೆ ಎಂದು ನೋಡೋಣ.

ನಾಲ್ಕು ನಗರ, ನಾಲ್ಕು ಗುಣ

ಬಂಟ್ವಾಳ ಅಥವಾ ಪುತ್ತೂರು ಕಡೆಯ ಒಂದು ಜೋಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಕಣ್ಣ ಮುಂದೆ ಸಾಮಾನ್ಯವಾಗಿ ಬರುವ ಹೆಸರುಗಳು ಬೆಂಗಳೂರು, ಮೈಸೂರು, ಮಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡ.

ಬೆಂಗಳೂರಿನಲ್ಲಿ ಕೆಲಸಗಳು ಹೆಚ್ಚು, ಪತ್ನಿಗೂ ಕೆಲಸ ಸಿಗುವ ಸಾಧ್ಯತೆ ಹೆಚ್ಚು. ಶಿವಾಜಿನಗರ, ಫ್ರೇಜರ್ ಟೌನ್, ತಿಲಕ್ ನಗರದಂತಹ ಕಡೆ ಮಸೀದಿ, ಹಲಾಲ್ ಅಂಗಡಿ, ಮದ್ರಸಾ ಎಲ್ಲವೂ ಹತ್ತಿರದಲ್ಲೇ ಇವೆ. 2011ರಲ್ಲಿ ಆರಂಭವಾದ ಮೆಟ್ರೋ ಈಗ ನಗರದ ಹಲವು ದಿಕ್ಕುಗಳನ್ನು ಮುಟ್ಟುತ್ತದೆ. ಆದರೆ 2025ರ ಫೆಬ್ರವರಿಯಲ್ಲಿ ಅದರ ದರ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದದ್ದು ನಿಮಗೆ ನೆನಪಿರಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ಆದರೂ ಮನೆ ನೋಡಲು ಹೋದಾಗ "ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ?" ಎಂದು ಮೊದಲು ಕೇಳಿರಿ.

ಮೈಸೂರು ಶಾಂತ ನಗರ. ಬಾಡಿಗೆ ಬೆಂಗಳೂರಿಗಿಂತ ಕಡಿಮೆ, ದೂರಗಳೂ ಕಡಿಮೆ. ದೇಶದ 73 ನಗರಗಳ ನಡುವೆ ನಡೆದ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಇದರದ್ದೇ ಆಗಿತ್ತು. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ ಇಲ್ಲಿದೆ. ಓದು ಮುಂದುವರಿಸಲು ಬಯಸುವ ಪತ್ನಿಗೆ ಇದು ಒಳ್ಳೆಯ ಊರು. ಸಂಜೆ ಕುಕ್ಕರಹಳ್ಳಿ ಕೆರೆಯ ದಂಡೆ, ದೇವರಾಜ ಮಾರುಕಟ್ಟೆ, ರಂಗಾಯಣದ ನಾಟಕ, ವರ್ಷಕ್ಕೊಮ್ಮೆ ದಸರಾ ವಸ್ತುಪ್ರದರ್ಶನ, ಹೀಗೆ ಹೆಚ್ಚು ಖರ್ಚಿಲ್ಲದ ಲವಲವಿಕೆ ಇಲ್ಲಿದೆ. ಕೊರತೆಯೆಂದರೆ ಕೆಲಸಗಳು ಬೆಂಗಳೂರಿನಷ್ಟಿಲ್ಲ. ಒಂದು ಕೆಲಸ ಹೋದರೆ ಇನ್ನೊಂದು ಬೇಗ ಸಿಗಲಿಕ್ಕಿಲ್ಲ.

ಮಂಗಳೂರು ನಮ್ಮದೇ ಊರು. ತಾಯಿಮನೆ ಒಂದೆರಡು ಗಂಟೆಯ ದಾರಿ. ಬ್ಯಾರಿ ಮಾತು, ಕುಚ್ಚಲಕ್ಕಿ, ತಾಜಾ ಮೀನು ಯಾವುದೂ ತಪ್ಪುವುದಿಲ್ಲ. ಆಸ್ಪತ್ರೆ, ಕಾಲೇಜುಗಳು ಬೇಕಾದಷ್ಟಿರುವುದರಿಂದ ನರ್ಸಿಂಗ್ ಅಥವಾ ಬಿ.ಎಡ್. ಮಾಡಿದವರಿಗೆ ದಾರಿಯಿದೆ. ಆದರೆ ಎಷ್ಟೋ ಯುವಕರಿಗೆ ತಾವು ಓದಿದ್ದಕ್ಕೆ ತಕ್ಕ ಸಂಬಳ ಇಲ್ಲಿ ಸಿಗುವುದಿಲ್ಲ. ಇನ್ನೊಂದು ಮಾತು: ಇಲ್ಲಿ ನಗರ ಸಾರಿಗೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ಹಾಗಾಗಿ ಬೆಂಗಳೂರು, ಮೈಸೂರಿನ ಗೃಹಿಣಿಗೆ ಉಳಿಯುವ ಬಸ್ ಖರ್ಚು ಮಂಗಳೂರಿನವಳಿಗೆ ಅಷ್ಟಾಗಿ ಉಳಿಯುವುದಿಲ್ಲ.

ಹುಬ್ಬಳ್ಳಿ-ಧಾರವಾಡವನ್ನು ಕರಾವಳಿಯವರು ಯೋಚಿಸುವುದೇ ಕಡಿಮೆ. ಆದರೆ ಹುಬ್ಬಳ್ಳಿ ದೊಡ್ಡ ವ್ಯಾಪಾರ ಕೇಂದ್ರ, ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇರುವ ಊರು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ ಇವೆ. ಸುಮಾರು 22 ಕಿಲೋಮೀಟರ್ ಅಂತರದ ಈ ಎರಡು ಊರುಗಳ ನಡುವೆ ಪ್ರತ್ಯೇಕ ಪಥದಲ್ಲಿ 'ಚಿಗರಿ' ಬಸ್ಸುಗಳು ಓಡುತ್ತವೆ. ಪತಿ ಹುಬ್ಬಳ್ಳಿಯಲ್ಲಿ ದುಡಿದು ಪತ್ನಿ ಧಾರವಾಡದಲ್ಲಿ ಓದುವುದು ಕಷ್ಟವಲ್ಲ. ಆದರೆ ಊಟ ಬೇರೆ, ಮಾತಿನ ರೀತಿ ಬೇರೆ. ಬ್ಯಾರಿ ಮಾತ್ರ ಬಲ್ಲ ಹುಡುಗಿಗೆ ಉರ್ದು ಮಾತಿನ ಮಹಿಳಾ ಕೂಟದಲ್ಲಿ ಮೊದಲ ಕೆಲವು ತಿಂಗಳು ಒಂಟಿತನ ಕಾಡಬಹುದು. ಮೈಸೂರು, ಬೆಂಗಳೂರಿನಲ್ಲೂ ಈ ಮಾತು ನಿಜ.

ಸಂಬಳ ಬಿಡಿ, ಉಳಿಕೆ ನೋಡಿ

ಒಂದು ಕಾಗದ ತೆಗೆದುಕೊಂಡು ಇಬ್ಬರೂ ಕೂಡಿ ಲೆಕ್ಕ ಬರೆಯಿರಿ. ಬೆಂಗಳೂರಿನಲ್ಲಿ ಸಂಬಳ 45,000 ಎಂದಿಟ್ಟುಕೊಳ್ಳಿ. ಬಾಡಿಗೆ 18,000, ಓಡಾಟಕ್ಕೆ 4,000, ನೀರು ಮತ್ತು ನಿರ್ವಹಣೆಗೆ 2,000 ಹೋದರೆ ಉಳಿಯುವುದು 21,000. ಮೈಸೂರಿನಲ್ಲಿ ಸಂಬಳ 36,000 ಇರಲಿ. ಬಾಡಿಗೆ 10,000, ಓಡಾಟಕ್ಕೆ 1,500, ನೀರಿಗೆ 500 ಕಳೆದರೆ ಉಳಿಯುವುದು 24,000. ಇವು ಲೆಕ್ಕದ ದಾರಿ ತೋರಿಸಲು ಇಟ್ಟ ಅಂಕಿಗಳು. ನಿಮ್ಮ ಅಂಕಿಗಳನ್ನು ನೀವೇ ತುಂಬಿರಿ. ದಿನಕ್ಕೆ ಎರಡು ಗಂಟೆ ಹೆಚ್ಚು ಪ್ರಯಾಣವೆಂದರೆ ತಿಂಗಳ 25 ಕೆಲಸದ ದಿನಗಳಲ್ಲಿ 50 ಗಂಟೆ. ಆ ಐವತ್ತು ಗಂಟೆ ಹೋಗುವುದು ನಿಮ್ಮಿಬ್ಬರ ಜೊತೆಗೂಡಿದ ಸಮಯದಿಂದ ಎಂಬುದನ್ನು ಮರೆಯಬೇಡಿ.

ಮುಂಗಡ ಮತ್ತು ನಿಮ್ಮ ಚಿನ್ನ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹಳ ಕಾಲದಿಂದ ಇದೆ. 18,000 ಬಾಡಿಗೆಗೆ ಅದು 1,80,000 ರೂಪಾಯಿ. ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಆದರೆ ರಾಜ್ಯಗಳು ಅದನ್ನು ತಮ್ಮ ಕಾನೂನಾಗಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಆದ್ದರಿಂದ ಚೌಕಾಸಿ ಮಾಡಲು ಸಂಕೋಚ ಬೇಡ. ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನೂ ಕರಾರಿನಲ್ಲೇ ಬರೆಸಿರಿ.

ಈ ಮುಂಗಡಕ್ಕೆ ಹಣ ಎಲ್ಲಿಂದ ಬರುತ್ತದೆ? ಹಲವು ಸಲ ಪತ್ನಿಯ ಬಳೆ, ಸರಗಳಿಂದ. ಮಹ್ರ್ ಆಗಿ ಬಂದ ಚಿನ್ನ ಪತ್ನಿಯ ಸ್ವಂತ ಸೊತ್ತು. ಮನಃಪೂರ್ವಕವಾಗಿ ಕೊಟ್ಟರೆ ಅದು ಅವಳ ಔದಾರ್ಯ. ಕೇಳಿ ಪಡೆಯುವುದು ಯಾರ ಹಕ್ಕೂ ಅಲ್ಲ. ಸಾಲವಾಗಿ ಕೊಡುವುದಾದರೆ ಎಷ್ಟು ಪವನ್, ಯಾವಾಗ ವಾಪಸ್ ಎಂದು ಬರೆದಿಡಿ. ಸಾಲವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಬಕರ ಅಧ್ಯಾಯದಲ್ಲಿ ಕಲಿಸಿದೆ. ಗಂಡ ಹೆಂಡಿರ ನಡುವೆ ಬರಹವೇಕೆ ಎನ್ನಬೇಡಿ. ಬರೆದಿಟ್ಟರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ 'ಲೀಸ್' ಮನೆಗಳ ಆಸೆಯೂ ಬರಬಹುದು. ಕೊಟ್ಟ ಹಣ ವಾಪಸ್ ಬರುವ ಕಾರಣ ಇದು ಸಾಲದ ಮೇಲೆ ಪಡೆಯುವ ಲಾಭವೆಂದು ಆಕ್ಷೇಪಿಸುವ ವಿದ್ವಾಂಸರು ಅನೇಕರಿದ್ದಾರೆ; ಬಲ್ಲವರಲ್ಲಿ ಕೇಳಿ ಮುಂದುವರಿಯಿರಿ. ಮನೆ ಬ್ಯಾಂಕಿನಲ್ಲಿ ಅಡವಿದ್ದರೆ ನಿಮ್ಮ ಹಣವೇ ಅಪಾಯಕ್ಕೆ ಸಿಲುಕೀತು.

ಬೀದಿಯನ್ನು ಕಣ್ಣಾರೆ ನೋಡಿ

ಮನೆಯನ್ನು ಫೋಟೋದಲ್ಲಿ ನೋಡಿ ಒಪ್ಪಬೇಡಿ, ಪತಿಯೊಬ್ಬನೇ ನೋಡಿ ಬರುವುದೂ ಬೇಡ. ನೀವೂ ಹೋಗಿರಿ. ಸಂಜೆ ಏಳರ ನಂತರ ಆ ಬೀದಿಯಲ್ಲಿ ಹೆಂಗಸರು ನಡೆದಾಡುತ್ತಾರೆಯೇ? ಬಸ್ ನಿಲ್ದಾಣ ಎಷ್ಟು ಹೆಜ್ಜೆ? ಹೆರಿಗೆ ಆಸ್ಪತ್ರೆ ಎಲ್ಲಿದೆ? ಹತ್ತಿರದಲ್ಲಿ ಉದ್ಯಾನವನ, ಗ್ರಂಥಾಲಯ, ಮಹಿಳೆಯರ ಅಧ್ಯಯನ ಕೂಟ ಇವೆಯೇ? ನಗರ ಎಷ್ಟೇ ಗಿಜಿಗುಡಲಿ, ನೀವು ನಡೆದು ತಲುಪುವ ಅರ್ಧ ಕಿಲೋಮೀಟರಿನಲ್ಲಿ ಏನಿದೆಯೋ ಅದೇ ನಿಮ್ಮ ನಗರ.

ಕಹಿಯಾದ ಒಂದು ಸಂಗತಿಯನ್ನೂ ಹೇಳಬೇಕು. ಹೆಸರು ಕೇಳಿದ ಕೂಡಲೇ "ಮನೆ ಆಗಲೇ ಕೊಟ್ಟಾಯಿತು" ಎಂಬ ಉತ್ತರ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ನೆಪವೂ ಉಂಟು. ಮನಸ್ಸು ನೋಯುವುದು ಸಹಜ. ಫೋನಿನಲ್ಲೇ ಹೆಸರು ಹೇಳಿಬಿಟ್ಟರೆ ವ್ಯರ್ಥ ಓಡಾಟವಾದರೂ ತಪ್ಪುತ್ತದೆ. ಹಾಗೆಂದು ನಮ್ಮವರೇ ಇರುವ ಮೊಹಲ್ಲಾ ಬಿಟ್ಟು ಬೇರೆಡೆ ನೋಡುವುದೇ ಬೇಡ ಎಂದು ತೀರ್ಮಾನಿಸಬೇಡಿ. ಒಳ್ಳೆಯ ನೆರೆಹೊರೆ ಎಲ್ಲ ಸಮುದಾಯಗಳಲ್ಲೂ ಇದೆ. ಮೊಹಲ್ಲಾದಲ್ಲಿ ಆಸರೆ ಹೆಚ್ಚು. ಮಿಶ್ರ ಬಡಾವಣೆಯಲ್ಲಿ ಮಕ್ಕಳಿಗೆ ಎಲ್ಲರೊಡನೆ ಬೆರೆಯುವ ಅಭ್ಯಾಸವಾಗುತ್ತದೆ. ನಿಮಗೆ ಯಾವುದು ಮುಖ್ಯ ಎಂಬುದನ್ನು ಇಬ್ಬರೂ ಮಾತಾಡಿಕೊಳ್ಳಿ.

ಹನ್ನೊಂದು ತಿಂಗಳ ಪರೀಕ್ಷೆ

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಹಾಗಾಗಿಯೇ ಹನ್ನೊಂದು ತಿಂಗಳಿಗೆ ಬರೆಯುವ ವಾಡಿಕೆ ಬಂದಿದೆ. ಆ ಕರಾರಿನ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ. ಬಾಡಿಗೆದಾರರೂ ಗೃಹಜ್ಯೋತಿ ಪಡೆಯಬಹುದು, ಅದಕ್ಕೆ ಈ ಕರಾರು ಬೇಕಾಗುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಾಕು.

ಈ ಹನ್ನೊಂದು ತಿಂಗಳನ್ನು ನಿಮ್ಮ ಪರೀಕ್ಷಾ ಅವಧಿಯೆಂದೇ ತಿಳಿಯಿರಿ. ಮೊದಲೇ ದೊಡ್ಡ ಸೋಫಾ, ಕಪಾಟುಗಳಿಗೆ ಹಣ ಸುರಿಯಬೇಡಿ. ಒಂಬತ್ತನೇ ತಿಂಗಳಿನಲ್ಲಿ ಇಬ್ಬರೂ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ. ಕೈಯಲ್ಲಿ ಏನಾದರೂ ಉಳಿಯುತ್ತಿದೆಯೇ? ಪತ್ನಿ ತನ್ನ ಓದು, ಕೆಲಸ ಅಥವಾ ಗೆಳತಿಯರ ಬಳಗದಲ್ಲಿ ಒಂದು ಹೆಜ್ಜೆಯಾದರೂ ಮುಂದೆ ಹೋಗಿದ್ದಾಳೆಯೇ? ಕಷ್ಟ ಬಂದರೆ ರಾತ್ರಿ ಬಾಗಿಲು ತಟ್ಟಬಹುದಾದ ಒಂದು ಮನೆ ಆ ಬೀದಿಯಲ್ಲಿ ಇದೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಊರು ಬದಲಿಸಲು ಹಿಂಜರಿಯಬೇಡಿ, ಅದು ಸೋಲಲ್ಲ.

ಊರಿನಲ್ಲಿರುವ ಹಿರಿಯರನ್ನೂ ಈ ಮಾತುಕತೆಯಿಂದ ಹೊರಗಿಡಬೇಡಿ. ಮಗ ಸೊಸೆ ದೂರ ಹೋದರೆಂದು ಅತ್ತೆಗೆ ಬೇಸರವಾಗುವುದುಂಟು. ಎರಡು ತಿಂಗಳಿಗೊಮ್ಮೆ ಬರುತ್ತೇವೆಂದು ಮಾತು ಕೊಡಿ. ಅದರ ಬಸ್ ಖರ್ಚನ್ನೂ ಮೊದಲೇ ಆ ಕಾಗದದ ಲೆಕ್ಕಕ್ಕೆ ಸೇರಿಸಿರಿ. ಅತ್ತೆ ಮಾವಂದಿರಲ್ಲಿಯೂ ಒಂದು ವಿನಂತಿ: ಸೊಸೆಯೂ ಜೊತೆಗೆ ಹೋಗಲಿ ಎಂದು ನೀವೇ ಹೇಳಿದರೆ ಆ ಎಳೆಯ ಸಂಸಾರಕ್ಕೆ ನಿಮ್ಮಿಂದ ಸಿಗುವ ದೊಡ್ಡ ಉಡುಗೊರೆ ಅದುವೇ ಆಗುತ್ತದೆ.